ಸುರಗಿ ಹಾಡಿನ ಸರ್ವರ್

ನಮ್ಮ ಮನ್ಯಾಗ ಒಂದು ಮಷೀನ್ ನೆಟ್ಟಗ ನಡೀತಂದ್ರ ಅವತ್ತು ಮನಷ್ಯಾರು ಕೆಟ್ಟಿರ್ತಾರ, ಮನಷ್ಯಾರು ನೆಟ್ಟಗಿದ್ರ ಮಷೀನ್ ಕೆಟ್ಟಿರ್ತದ. ಎರಡೂ ಒಮ್ಮೆ ನೆಟ್ಟಗಿದ್ದದ್ದು ನಾ ಇನ್ನೂ ನೋಡಿಲ್ಲ. ನಾ ರಾಯಚೂರಿನ ಒಂದು ಕಾಲೇಜಿನ್ಯಾಗ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ಳಾಂವ. ಒಂದ ಕಡಿ ಕುಂದ್ರೂ ಜಾತಿ ಅಲ್ಲ ನಂದು. ಪರದಿ ಮ್ಯಾಲ ಲೋಡಿಂಗ್ ಚಕ್ರ ತಿರಗಾಕತ್ತಿದ್ರ ಅದರ ಜೋಡಿ ನಾನೂ ಪಡಸಾಲ್ಯಾಗ ತಿರಗ್ತೀನಿ.

ಈ ಸಲದ ಗದ್ದಲಕ್ಕ ಕಾರಣ ನನ್ನ ಮದುವಿ. ಗಾಬ್ರಿ ಆಗಬ್ಯಾಡ್ರಿ, ಅದು ಆಗಿ ಹದಿನೆಂಟು ವರ್ಷ ಆತು. ಮಾನ್ವಿಯೊಳಗ ಆಗಿನ ನಮ್ಮ ಮನಿ ಮುಂದ ಸುರಗಿ ಇತ್ತು. ನಾಕು ಮೂಲಿಗೆ ತಂಬಗಿ ಇಟ್ಟು, ನೂಲು ಸುತ್ತಿ, ನಡುವ ಮದುಮಗನ್ನ ಕುಂದ್ರಿಸಿ ನೀರು ಹಾಕ್ತಾರಲ್ಲ, ಅದು. ನಮ್ಮವ್ವ ಮತ್ತ ಆಕಿ ಅಕ್ಕ, ಅಂದ್ರ ನಮ್ಮ ದೊಡ್ಡವ್ವ, ಇಬ್ರೂ ಕೂಡಿ ಹಾಡಿದ್ರು. ಆ ಹಾಡಿನ್ಯಾಗ ಮನಿ ಹಿರ್ಯಾರ ಹೆಸರು ಒಂದೊಂದಾಗಿ ಬರಬೇಕು. ಹಾಡು ಎತ್ತಿಕೊಟ್ಟಾಕಿ ಅವ್ವ.

ದೊಡ್ಡವ್ವನ ಮಾತು: “ಆಕಿ ನನ್ನ ಗಂಡನ ಹೆಸರು ಬಿಟ್ಟಳು.”

ಅವ್ವನ ಮಾತು: “ತಗೊಂಡೀನಿ. ಆಕಿ ಕೆಮ್ಮಾಕತ್ತಿದ್ಲು, ಕೇಳಿಸಿಲ್ಲ.”

ಅವತ್ತಿಂದ ಇಬ್ರ ನಡುವ ಮಾತು ಬಂದ್. ಅವ್ವ ರಾಯಚೂರಿನ್ಯಾಗ ನಮ್ಮ ಹತ್ರ ಇರ್ತಾಳ, ದೊಡ್ಡವ್ವ ದೇವದುರ್ಗದಾಗ. ಮದುವಿಗೋ ತೊಟ್ಲಕ್ಕೋ ಎದುರಾದ್ರ ಮುಖ ನೋಡಂಗಿಲ್ಲ, ಮೂರನೇ ಮಂದಿಗೆ ಹೇಳ್ತಾರ: “ಆಕಿಗೆ ಹೇಳು, ಚಾ ಆರಾಕತ್ತದ ಅಂತ.” ಆ ಮೂರನೇ ಮಂದಿ ಯಾವಾಗ್ಲೂ ನಾನ. ನಗಿ ಬರ್ತದ ಖರೆ, ಆದ್ರ ದೊಡ್ಡಪ್ಪ ಈಗಿಲ್ಲ. ಹಂಗಾಗಿ ದೊಡ್ಡವ್ವಗ ಆ ಬಿಟ್ಟ ಹೆಸರು ಮದಲಿಗಿಂತ ಜಾಸ್ತಿ ನೋಯ್ತದ. ಅವ್ವಗೂ ರಾತ್ರಿ ಊಟದಾಗ ಸುಮ್ನ ಅಕ್ಕನ ನೆನಪು ಬರ್ತದ, ಬಾಯಿ ಬಿಟ್ಟು ಹೇಳಂಗಿಲ್ಲ ಅಷ್ಟ.

೧. ಭಾಯಿಯ ಕ್ಯಾಸೆಟ್

ಅವತ್ತು ಮೈಕ್ ಸೆಟ್ ತಂದಿದ್ದ ಮಾನ್ವಿಯ ಭಾಯಿ, ಮೈಕಿನ ಮುಂದ ಏನು ಬಂದ್ರೂ ಕ್ಯಾಸೆಟ್ಟಿಗೆ ಇಳಿಸ್ಕೊಳ್ಳಾಂವ. ಈ ಬ್ಯಾಸಗ್ಯಾಗ ಕೆಲಸಕ್ಕಂತ ಮಾನ್ವಿಗೆ ಹೋದಾಗ ಅಂವ ಕರದು ಹೇಳಿದ: “ಮಾಸ್ಟರ್, ನಿಮ್ಮ ಸುರಗಿ ಕ್ಯಾಸೆಟ್ ಇನ್ನೂ ನನ್ನ ಹತ್ರ ಅದ.”

ಓಡಿ ಬಂದು ಅವ್ವಗ ಹೇಳಿದೆ. ಆಕಿ ನನ್ನ ಕೈಲೆ ದೀಪಾ ಮುಟ್ಟಿಸಿ ಆಣಿ ಹಾಕಿಸಿದ್ಲು. “ನೀ ಒಬ್ನ ಕೇಳಂಗಿಲ್ಲ. ನಾ ಮದಲ ಕೇಳಿದ್ರ ಆಕಿ ಕತ್ತರಿಸ್ಯಾರ ಅಂತಾಳ. ಆಕಿ ಮದಲ ಕೇಳಿದ್ರ ನಾ ಅಂತೀನಿ. ಇಬ್ರೂ ಒಂದ ಹೊತ್ತಿಗೆ ಕೇಳಬೇಕು. ಆದ್ರ ನಾ ಆಕಿ ಮನಿ ಹೊಸ್ತಲಾ ತುಳಿಯಾಕಿ ಅಲ್ಲ.”

ದೊಡ್ಡವ್ವಗ ಫೋನ್ ಹಚ್ಚಿದ್ರ ಆಕಿದೂ ಅದ ಮಾತು, ಅದ ಧಾಟಿ. ಹಂಗಾಗಿ ನಾ ಮನ್ಯಾಗ ಹಾಡಿನ ಸರ್ವರ್ ಮಾಡೂದು ಅಂತ ಆತು. ಹಾಡು ಒಂದ ಮಷೀನಿನ್ಯಾಗ ಇರ್ತದ, ಅವ್ವ ರಾಯಚೂರಿನ್ಯಾಗ, ದೊಡ್ಡವ್ವ ದೇವದುರ್ಗದಾಗ, ತಮ್ಮ ತಮ್ಮ ಫೋನಿನ್ಯಾಗ ಕೇಳ್ತಾರ.

ಮತ್ತ ಮಾನ್ವಿಗೆ ಹೋದೆ. ಭಾಯಿ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿಗೆ ಇಳಿಸಾಕ ಕುಂತ. ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸ ಬೇಕು. ಹತ್ತು ನಿಮಿಷಕ್ಕ ನನ್ನ ಕಾಲು ಕುಣಿಯಾಕ ಹತ್ತಿದ್ವು.

“ಭಾಯಿ, ಸ್ವಲ್ಪ ಜೋರು ಓಡಿಸಾಕ ಬರಂಗಿಲ್ಲೇನು?”

“ಕಾಯ್ಕು ಜಲ್ದಿ ಕರ್ತೆ ಮಾಸ್ಟರ್? ಯಾಕಿಷ್ಟು ಗಡಿಬಿಡಿ? ಜೋರು ಓಡಿಸಿದ್ರ ನಿಮ್ಮವ್ವಾರು ಇಲಿ ಹಾಡಿದಂಗ ಹಾಡ್ತಾರ.”

ನಾ ಎದ್ದು ಚಾ ಕುಡದು ಬಂದೆ, ಮಿರ್ಚಿ ತಿಂದು ಬಂದೆ, ಇನ್ನೊಂದು ಚಾ ಕುಡದು ಬಂದೆ. ಅಷ್ಟೊತ್ತಿಗೆ ಭಾಯಿ ಹೆಡ್‌ಫೋನ್ ತಗದು ನನ್ನ ಮುಖ ನೋಡಿ ಬಿದ್ದು ಬಿದ್ದು ನಗಾಕತ್ತಿದ್ದ.

“ಏನದ ಭಾಯಿ ಅದ್ರಾಗ? ಹೆಸರು ಅದೋ ಇಲ್ಲೋ?”

“ನೀವು ಆಣಿ ಮಾಡೀರಿ ಅಂದ್ರೆಲ್ಲ. ನಾ ಹೇಳಿದ್ರ ಪಾಪ ನನಗ ಬರ್ತದ.”

೨. ಪರ್ಮಿಷನ್ ಕೊಡಾಂವ

ಅಟ್ಟದ ಮ್ಯಾಲಿನ ಹಳೇ ಕಂಪ್ಯೂಟರ್ ಇಳಿಸಿ, ಅದ್ರಾಗಿನ ಜೇಡರಹುಳಾ ಝಾಡಿಸಿ, ಲಿನಕ್ಸ್ ಹಾಕಿದೆ. ಹಾಡಿನ ಸರ್ವರ್ ಹಾಕಿದೆ. ಪರೀಕ್ಷಾ ಮಾಡಾಕ ಗಣೇಶ ಹಬ್ಬದ ದೊಡ್ಡ ಸ್ಪೀಕರ್ ಹಚ್ಚಿದೆ. ಬ್ಯಾರೇ ಹಾಡೆಲ್ಲಾ ನಡದ್ವು. ಸುರಗಿ ಹಾಡು ಮಾತ್ರ ಪಟ್ಟಿಯೊಳಗ ಕಾಣವಲ್ದು. ನೋಡಿದ್ರ ಪರ್ಮಿಷನ್ ಇಲ್ಲ ಅಂತದ.

ಅವ್ವ ಬಗಲಾಗ ಬಂದು ನಿಂತ್ಲು. “ಏನಂತದ?”

“ಈ ಹಾಡು ಓದಾಕ ಪರ್ಮಿಷನ್ ಇಲ್ಲಂತ ಬೇ.”

“ಹಾಡಿದಾಕಿ ನಾನು, ಮನಿ ನಂದು, ಮಗ ನನ್ನವ. ನಡುವ ಪರ್ಮಿಷನ್ ಕೊಡಾಂವ ಯಾಂವ ಅಂವ?”

“ಈ ಮಷೀನಿನ ಮಾಲಕ. ಹಾಡು ಮಾಲಕನ ಹೆಸರಿಲೆ ಅದ. ಸರ್ವರ್ ಅಂದ್ರ ಅವನ ಕೈಯಾಗಿನ ಆಳು. ಆಳಿಗೆ ಮುಟ್ಟಾಕ ಬಿಡಂಗಿಲ್ಲ.”

“ಹಂಗಾದ್ರ ಮಾಲಕಗ ಹೋಗಿ ಕೇಳು.”

“ಮಾಲಕ ನಾನ ಬೇ.”

ಅವ್ವ ನನ್ನ ಹಣಿ ಮುಟ್ಟಿ ನೋಡಿ, ಒಳಗ ಹೋಗಿ ನನ್ನ ಹೆಂಡ್ತಿಗೆ ಹೇಳಿದ್ಲು: “ಬಿಸಲಿಗೆ ತಿರಗಬ್ಯಾಡ ಅಂದೆ, ಕೇಳಲಿಲ್ಲ. ಒಂದು ಗ್ಲಾಸ್ ಮಜ್ಜಿಗಿ ಕೊಡು ಅವಗ.”

೩. ಒದ್ದಿ ಟಾವೆಲ್

ಪರ್ಮಿಷನ್ ಸರಿ ಮಾಡಿದೆ. ಈಗ ಮಷೀನ್ ದಿನಾ ಮಧ್ಯಾಹ್ನ ತಾನ ಬಂದ್ ಆಗಾಕ ಹತ್ತಿತು. ರಾಯಚೂರಿನ ಬಿಸಲು ನಿಮಗ ಗೊತ್ತಲ್ಲ, ನಳದಾಗಿನ ನೀರಿಗೆ ಚಾಪುಡಿ ಹಾಕೂದೊಂದ ಬಾಕಿ. ಲಾಗ್ ನೋಡಿದೆ, ಫ್ಯಾನ್ ಬಿಚ್ಚಿ ಹಾಕಿದೆ, ವಯರ್ ಬದಲಿ ಮಾಡಿದೆ. ಕೂತಲ್ಲಿ ಕೂಡಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅತ್ಲಾಗ ದೊಡ್ಡವ್ವ ದಿನಾ ಫೋನ್ ಮಾಡಿ, “ಆಕಿಗೆ ಹೇಳು, ಹೆದರಿ ಮುಂದ ಹಾಕಾಕತ್ತಾಳ ಅಂತ,” ಅನ್ನಾಕಿ.

ಕಾಲೇಜಿಗೆ ಹೋಗೂ ಮುಂದ ಅವ್ವಗ ಹೇಳಿದೆ: “ಮಷೀನ್ ಭಾಳ ಕಾಯಾಕತ್ತದ ಬೇ. ಅದರ ಹತ್ರ ಏನೂ ಇಡಬ್ಯಾಡ, ಗಾಳಿ ಆಡ್ಲಿ.”

ಎರಡು ತಾಸಿನ ಮ್ಯಾಲ ಹೆಂಡ್ತಿ ಫೋನ್. “ಟಪ್ ಅಂತ ಸಪ್ಪಳ ಬಂತು, ಹೊಗಿ ಬಂತು, ಮೇನ್ ತಗದೀನಿ.” ಬಂದು ನೋಡ್ತೀನಿ, ಕಂಪ್ಯೂಟರಿಗೆ ಒದ್ದಿ ಟಾವೆಲ್ ಸುತ್ಯಾರ. ಮ್ಯಾಲ ಗಂಟು ಬ್ಯಾರೆ.

“ಯವ್ವಾ, ಇದೇನಿದು?”

“ಬ್ಯಾಸಗ್ಯಾಗ ನೀರಿನ ಗಡಿಗಿಗೆ ಸುತ್ತಂಗಿಲ್ಲೇನು? ನೀನ ಅಂದೆಲ್ಲ, ಕಾಯಾಕತ್ತದ ಅಂತ. ಅರ್ಧ ತಾಸಿಗೊಮ್ಮೆ ನೀರು ಚಿಮಕಿಸೀನಿ, ನಿದ್ದಿ ಸೈತ ಮಾಡಿಲ್ಲ. ಈಗ ಕಾಯಾಕತ್ತದೇನು ನೋಡು.”

ಮುಟ್ಟಿ ನೋಡಿದೆ. “ಇಲ್ಲ ಬೇ. ಇನ್ನ ಎಂದೂ ಕಾಯಂಗಿಲ್ಲ.”

ಪುಣ್ಯಕ್ಕ ಸುಟ್ಟದ್ದು ಕರೆಂಟ್ ಕೊಡೂ ಡಬ್ಬಿ ಒಂದ. ಹಾಡಿನ ಡಿಸ್ಕ್ ಉಳದಿತ್ತು.

೪. ದೇವದುರ್ಗದಾಗ ಒತ್ತಿದ್ದು

ಡಬ್ಬಿ ಬದಲಿ ಮಾಡಿ, ಐತವಾರ ಮುಂಜಾನಿ ಹನ್ನೊಂದಕ್ಕ ಇಬ್ರೂ ಒಮ್ಮೆ ಹಾಡು ಒತ್ತಬೇಕು ಅಂತ ಗೊತ್ತು ಮಾಡಿದೆ. ಅವ್ವನ ಫೋನ್ ತಯಾರು ಮಾಡಿ ಹೆಂಡ್ತಿ ಕೈಯಾಗ ಕೊಟ್ಟು, ಬಸ್ ಹತ್ತಿ ದೇವದುರ್ಗಕ್ಕ ಹೋದೆ. ದೊಡ್ಡವ್ವನ ಫೋನಿಗೆ ಆ್ಯಪ್ ಹಾಕಿದೆ. ಆಕಿ ಹೊಸ ಸೀರಿ ಉಟ್ಟು, ದೊಡ್ಡಪ್ಪನ ಫೋಟೋ ಮುಂದ ಕುಂತಿದ್ಲು.

ಹನ್ನೊಂದಕ್ಕ ಒತ್ತಿದ್ಲು. ಸಪ್ಪಳಿಲ್ಲ.

“ತಡಿ ದೊಡ್ಡವ್ವ, ನೆಟ್‌ವರ್ಕ್ ಇರಬೇಕು.” ನಾ ಫೋನ್ ಹಿಡ್ಕೊಂಡು ಅಂಗಳಕ್ಕ ಹೋದೆ, ಮಾಳಿಗಿ ಹತ್ತಿದೆ, ಇಳದೆ. ಮತ್ತ ಒತ್ತಿಸಿದೆ. ಇಲ್ಲ. ಆವಾಜ್ ಪೂರಾ ಏರಿಸಿದೆ. ಇಲ್ಲ. ಆಕಿ ಸಿಟ್ಟಿಗೆದ್ದು ಟಕ ಟಕ ಟಕ ಒತ್ತಾಕ ಹತ್ತಿದ್ಲು. “ನಿಮ್ಮವ್ವನ ಹಂಗ, ಇದೂ ನನ್ನ ಜೋಡಿ ಮಾತಾಡವಲ್ದು!”

ಅಷ್ಟೊತ್ತಿಗೆ ನನ್ನ ಫೋನಿಗೆ ಹೆಂಡ್ತಿ ಫೋನ್ ಬಂತು. “ಏನ್ರೀ, ಅತ್ತಿ ಇನ್ನೂ ಒತ್ತೇ ಇಲ್ಲ, ಸ್ಪೀಕರಿನ್ಯಾಗ ಅತ್ತಿನ ಹಾಡಾಕತ್ತಾರ! ಒಂದ ಸಾಲು ಹತ್ತು ಸಲ ಆತು. ಓಣಿ ಮಂದಿ ಬಾಗಲಿಗೆ ಬಂದು ಯಾರ ಮದುವಿ ಅಂತ ಕೇಳಾಕತ್ತಾರ!”

ಹಣಿ ಬಡ್ಕೊಂಡೆ. ಆ್ಯಪಿನ್ಯಾಗ ಎರಡು ರೀತಿ ಅದಾವ. ಒಂದರಾಗ ಹಾಡು ಒತ್ತಿದವರ ಫೋನಿನ್ಯಾಗ ಬರ್ತದ. ಇನ್ನೊಂದರಾಗ ಫೋನ್ ಬರೇ ರಿಮೋಟ್, ಹಾಡು ಸರ್ವರಿಗೆ ಹಚ್ಚಿದ ಸ್ಪೀಕರಿನ್ಯಾಗ ಬರ್ತದ. ಗಡಿಬಿಡ್ಯಾಗ ನಾ ಎರಡನೇದು ಹಾಕಿದ್ದೆ. ದೊಡ್ಡವ್ವ ದೇವದುರ್ಗದಾಗ ಒತ್ತಿದಷ್ಟು ಸಲ ರಾಯಚೂರಿನ ನಮ್ಮ ಪಡಸಾಲ್ಯಾಗ ಗಣೇಶನ ಸ್ಪೀಕರ್ ಹಾಡು ಮದಲಿಂದ ಎತ್ತಿಕೊಂಡಿತ್ತು.

“ದೊಡ್ಡವ್ವ, ಕೈ ತಗಿ! ಇನ್ನ ಮುಟ್ಟಬ್ಯಾಡ!” ಹೆಂಡ್ತಿಗೆ ಹೇಳಿದೆ: “ನಿನ್ನ ಫೋನ್ ಆ ಸ್ಪೀಕರ್ ಮುಂದ ಹಿಡಿ. ಅವ್ವನ್ನ ಬಗಲಾಗ ಕುಂದ್ರಿಸು.”

ಹಾಡು ಫೋನಿನ್ಯಾಗ ದೇವದುರ್ಗಕ್ಕ ಬಂತು. ಅವ್ವನ ಸಣ್ಣ ಧ್ವನಿ, ಅದರ ಬೆನ್ನಿಗೆ ದೊಡ್ಡವ್ವನ ದಪ್ಪ ಧ್ವನಿ. ಅಜ್ಜನ ಹೆಸರು ಬಂತು. ಸೋದರಮಾವನ ಹೆಸರು ಬಂತು. ಕಾಕಾನ ಹೆಸರು ಬಂತು. ಇನ್ನ ದೊಡ್ಡಪ್ಪಂದು. ದೊಡ್ಡವ್ವ ಸೆರಗು ಬಾಯಿಗೆ ಹಿಡ್ಕೊಂಡ್ಲು. ಕ್ಯಾಸೆಟ್ಟಿನ್ಯಾಗ ಯಾರೋ ಕೆಮ್ಮಿದ್ರು, ಅದು ದೊಡ್ಡವ್ವನ ಕೆಮ್ಮು. ಅವ್ವ ಉಸರು ತಗೊಂಡು ಸಾಲು ಎತ್ತೂದಕ್ಕ, ಒಬ್ಬ ಹರೇದವ ಗಂಟಲು ಹರಕೊಂಡು ಒದರಿದ:

“ಯವ್ವಾ, ಎಷ್ಟೊತ್ತಬೇ ಇದು! ನೀರೆಲ್ಲಾ ಆರಿ ಹ್ವಾದ್ವು, ನಡಗಾಕತ್ತೀನಿ! ಲಗೂ ಮುಗಸ್ರಿ!”

ಕ್ಯಾಸೆಟ್ಟಿನ್ಯಾಗ ಹೆಂಗಸ್ರೆಲ್ಲಾ ನಕ್ಕರು. ಅವ್ವ ಗಡಬಡಿಸಿ ಸೀದಾ ಕಡೀ ಸಾಲಿಗೆ ಹಾರಿದ್ಲು. ಹಾಡು ಮುಗೀತು. ಕೆಮ್ಮೂ ಇತ್ತು, ಹೆಸರೂ ಇದ್ದಿದ್ದಿಲ್ಲ. ಒದರಿದಾಂವ ನಾನ.

ಆಮ್ಯಾಲ ಫೋನಿನ್ಯಾಗ ಅವ್ವನ ದನಿ, ಕ್ಯಾಸೆಟ್ಟಿಂದಲ್ಲ, ಈಗಿಂದ.

“ಯಕ್ಕಾ.”

ಹದಿನೆಂಟು ವರ್ಷದ ಮ್ಯಾಲ. ದೊಡ್ಡವ್ವನ ಕಣ್ಣು ತುಂಬಿ ಬಂದ್ವು. “ಏನವಾ?”

“ಭಾವನ ಹೆಸರು ಬಾಯಿತನಾ ಬಂದಿತ್ತು ಬೇ. ಇಂವ ಒದರಿದ್ದಕ್ಕ ಗಾಬ್ರಿಯಾಗಿ ಬಿಟ್ಟಬಿಟ್ಟೆ. ತಗೊಂಡೀನಿ ಅಂತನ ತಿಳ್ಕೊಂಡಿದ್ದೆ. ತಪ್ಪಾತು.”

“ನಿನ್ನ ತಪ್ಪೇನದ ಇದ್ರಾಗ? ಕೇಳಿದೆಲ್ಲ, ತಪ್ಪು ಯಾರದಂತ.”

“ಅಂವ ಅಲ್ಲೇ ಅದಾನೇನು?”

ದೊಡ್ಡವ್ವ ತಿರಗಿ ನನ್ನ ನೋಡಿದ್ಲು. “ಇಲ್ಲೇ ಅದಾನ. ಚಪ್ಪಲಿ ಹುಡಕಾಕತ್ತಾನ.”

“ಬಾಗಲಾ ಹಾಕು ಯಕ್ಕಾ. ಬಸ್ ಹತ್ತಿ ಬರಾಕತ್ತೀನಿ.”