ಮೊಣಕೈ ಮುದ್ದಿನ ದೊಡ್ಡವ್ವ

ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಸೊಸೆಯಾಗಿ ಬಂದ ಮೇಲೆಯೇ ಬ್ಯಾಡಗಿಯ ಬಾವಿಗಳು ಬತ್ತತೊಡಗಿದವು ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ದೊಡ್ಡಪ್ಪ ನಂಬಿದ್ದರು! ನೀರು ಸೇದುತ್ತಿದ್ದವರು ಅವರೇ ತಾನೆ?

ಎಂಬತ್ತರ ದಶಕದ ಮಾತು. ಹಾವೇರಿಯಿಂದ ನಾವು ರಜೆಗೆ ಹೋದರೆ ಪಡಸಾಲೆ ತುಂಬ ಕೆಂಪು ಮೆಣಸಿನಕಾಯಿ. ದೊಡ್ಡವ್ವ ದಿನವಿಡೀ ಕುಳಿತು ತೊಟ್ಟು ಮುರಿಯುತ್ತಿದ್ದಳು; ಎದ್ದು ಕೈ ತೊಳೆಯುತ್ತಿದ್ದಳು. ಅದರಲ್ಲೇನು ವಿಶೇಷ ಅಂತೀರಾ? ತೊಳೆದ ಕೈ ಮೂಸಿ ನೋಡಿ ಮತ್ತೆ ತೊಳೆಯುತ್ತಿದ್ದಳು. ತೊಟ್ಟು ಮುರಿಯದ ದಿನವೂ ತೊಳೆಯುತ್ತಿದ್ದಳು. ಸಾಬೂನು ಮುಟ್ಟಿದೆನೆಂದು ಕೈ ತೊಳೆದದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ!

ಕೈಗಳೋ, ಬಿರುಕು ಬಿಟ್ಟ ಎರೆಹೊಲ. ಬಿರುಕಿಗೆ ಖಾರ ಇಳಿದು ಉರಿ, ಉರಿಗೆ ಮತ್ತೆ ಸಾಬೂನು. ಕೊನೆಗೆ ದೊಡ್ಡಪ್ಪ ನನ್ನನ್ನು ಜೊತೆ ಮಾಡಿ ರಾಣೇಬೆನ್ನೂರಿನ ಡಾಕ್ಟರ ಬಳಿ ಕಳಿಸಿದರು. ದಾರಿಯಲ್ಲಿ ಬಸ್ಸು ನಿಂತದ್ದೇ ತಡ, ದೊಡ್ಡವ್ವ ಇಳಿದು ನಳಕ್ಕೆ ಓಡಿದಳು.

"ಯವ್ವಾ, ಲಗೂ ಬರ್ರಿ! ಬಸ್ಸೇನು ನಿಮ್ಮ ಕೈ ಕಾಯಾಕ ನಿಂತೈತೇನು?" ಎಂದು ಕಂಡಕ್ಟರ್ ಕೂಗಿದ.

"ಬರೇ ಕೈ ತೊಳ್ಯಾಕತ್ತೇನೋ ತಮ್ಮಾ, ಜಳಕ ಮಾಡಾಕತ್ತಿಲ್ಲ!"

ಡಾಕ್ಟರು ಕೈ ನೋಡಿ ಗದರಿದರು. "ಸಾಬೂನು ಚರ್ಮದ ಜಿಡ್ಡು ಪೂರಾ ತಗದೈತಿ. ಖಾರ ಬರೇ ನೀರಿಗೆ ಹೋಗಾಂಗಿಲ್ರಿ. ಕಾಯಿ ಮುಟ್ಟೂಕಿಂತ ಮೊದಲ ಕೊಬ್ಬರಿ ಎಣ್ಣಿ ಹಚ್ಚ್ರಿ. ಕೆಲಸ ಮುಗಿದ ಮ್ಯಾಲ ಎಣ್ಣಿ ತಿಕ್ಕಿ, ಒಮ್ಮೆ ತೊಳದು, ಮೆತ್ತಗ ಒರಸಿ, ಮತ್ತ ಎಣ್ಣಿ ಹಚ್ಚ್ರಿ."

"ಒಮ್ಮೇನ? ನೀವು ಐದು ಮಂದೀನ ನೋಡಿ ಐದು ಸಲ ತೊಳಕೊಂಡ್ರಿ. ನಾ ಎಣಿಸೇನಿ!"

ಅವರು ಮೇಜಿನ ಖಾನೆಯಿಂದ ತಮ್ಮದೇ ಎಣ್ಣೆ ಬಾಟಲಿ ತೆಗೆದು ತೋರಿಸಿದ ಮೇಲೆ ನಂಬಿದಳು. ಹೊರಗೆ ಬಂದವಳೇ ಕಂಪೌಂಡರನನ್ನು ಕೇಳಿದಳು: "ಇಲ್ಲಿ ನಳ ಎಲ್ಲೈತಿ?"

ನಗುತ್ತಿದ್ದೆನಾದರೂ ನನಗೊಂದು ಸಿಟ್ಟಿತ್ತು. ಎಲ್ಲರ ದೊಡ್ಡವ್ವಂದಿರು ಗಲ್ಲ ಸವರಿ ಮುದ್ದು ಮಾಡಿದರೆ ನಮ್ಮಾಕೆ ಮೊಣಕೈಯಿಂದ ತಿವಿಯುತ್ತಿದ್ದಳು! ಆ ಕೈ ಒಮ್ಮೆಯಾದರೂ ನನ್ನ ಮುಖ ಸವರಲಿ ಎಂದು ಎಷ್ಟು ಆಸೆಪಟ್ಟಿದ್ದೆನೋ. ನನ್ನ ಕಂಡರೆ ಆಗದು ಎಂದೇ ತಿಳಿದಿದ್ದೆ.

ತೊಂಬತ್ತರ ದಶಕದಲ್ಲಿ ನನಗೆ ಮಗಳು ಹುಟ್ಟಿದಳು. ತೋರಿಸಲು ಬ್ಯಾಡಗಿಗೆ ಹೊರಟಾಗ, "ಇದಕ್ಕೂ ಮೊಣಕೈಯೇನ?" ಎಂದೆ ಅವ್ವನಿಗೆ. ಅವ್ವ ನಗಲಿಲ್ಲ.

"ನೀ ಆರು ತಿಂಗಳಾಕಿ ಇದ್ದಾಗ ಅಕ್ಕ ತೊಟ್ಟು ಮುರದು, ಕೈ ತೊಳಕೊಂಡು ನಿನ್ನ ಎತ್ತಿ ಮುಖ ಸವರಿದ್ಲು. ಖಾರ ಹೋಗಿದ್ದಿಲ್ಲ. ಕಣ್ಣು ಉರದು ಸಂಜಿತನ ಅತ್ತಿ. ಆಕೀನೂ ಅತ್ಲು. ಅವತ್ತಿನಿಂದ ಯಾವ ಕೂಸಿನ ಮುಖಾನೂ ಮುಟ್ಟಿಲ್ಲ."

ಬ್ಯಾಡಗಿ ಬರುವವರೆಗೂ ಬಸ್ಸಿನಲ್ಲಿ ಕೂಸಿನ ಗಲ್ಲ ಸವರುತ್ತ ಕುಳಿತೆ.

ದೊಡ್ಡವ್ವ ಕೂಸನ್ನು ದೂರದಿಂದಲೇ ನೋಡಿ ಹಿಗ್ಗಿದಳು. "ತಡಿ, ಕೈ ತೊಳಕೊಂಡು ಬರ್ತೇನಿ" ಎಂದು ತಿರುಗಿದಳು. ಕೂಸನ್ನು ಅವ್ವನಿಗೆ ಕೊಟ್ಟು ಆಕೆಯ ಎರಡೂ ಕೈ ಹಿಡಿದುಕೊಂಡೆ. ಎಣ್ಣೆ ಹಚ್ಚಿ ಹಚ್ಚಿ ಬಿರುಕುಗಳೆಲ್ಲ ಮಾಯ್ದಿದ್ದವು. ಆ ಕೈಗಳನ್ನೆತ್ತಿ ನನ್ನ ಕಣ್ಣಿಗೆ ಒತ್ತಿಕೊಂಡೆ. ಅಳು ತಡೆಯಲಾಗಲಿಲ್ಲ.

"ಅಯ್ಯ ನನ್ನವ್ವಾ, ಕಣ್ಣು ಉರ್ಯಾಕತ್ತೈತೇನ?" ಎಂದು ಗಾಬರಿಯಾಗಿ ನೀರಿನ ಕೊಡದತ್ತ ಕೈ ಜಗ್ಗಿದಳು.

ನಾನು ಬಿಡಲಿಲ್ಲ.