ಕಾಗೆ ಬಾರದ ಮನೆ

ಗಂಡಸರಿಗೆ ತಮ್ಮ ಮನೆಯಲ್ಲಿ ನಡೆಯುವುದೇ ಕಾಣುವುದಿಲ್ಲವೆಂದು ನನ್ನ ತಾಯಿ ಹೇಳುತ್ತಿದ್ದಳು. ಎಲ್ಲ ಗಂಡಸರ ಪರವಾಗಿ ವಾದಿಸುವ ಧೈರ್ಯ ನನಗಿಲ್ಲ. ನನ್ನ ಮಟ್ಟಿಗೆ ಅದು ನಿಜ. ಮಧುಗಿರಿ ಕಚೇರಿಯ ಗುಮಾಸ್ತನಾಗಿ, ಕಂಡವರ ಹೊಲದ ಗಡಿ ಗೇಣಗಲ ಆಚೀಚೆಯಾದರೂ ಪತ್ತೆ ಹಚ್ಚುತ್ತಿದ್ದೆ. ನನ್ನ ಹೆಂಡತಿ ಬಸುರಿಯಾದದ್ದು ಮಾತ್ರ ಎಲ್ಲರಿಗಿಂತ ಕೊನೆಗೆ ತಿಳಿಯಿತು.

ಆಗ ನಮ್ಮ ಕಡೆ ಹೆಂಗಸು ತಿಂಗಳಿಗೊಮ್ಮೆ ಹೊರಗೆ ಕೂರುವುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಕಾಗೆ ಮುಟ್ಟಿದೆ' ಎನ್ನುತ್ತಿದ್ದರು. ಮನೆಯಲ್ಲಿದ್ದವರು ನಾವಿಬ್ಬರೇ. ಶಾರದೆಗೆ ಕಾಗೆ ಮುಟ್ಟಿದ ಮೂರು ದಿನವೂ ಒಲೆ ನನ್ನದು. ಅವಳು ಹಿತ್ತಿಲ ಜಗಲಿಯಿಂದ ಬೇಳೆ ಬೆಂದಿತೇ, ಉಪ್ಪು ಹಾಕಿದಿರಾ ಎಂದು ಕೇಳುವಳು. ನಾನು ಹೊಗೆಯೊಳಗಿಂದ ಎರಡಕ್ಕೂ ಹೂಂ ಎನ್ನುವೆ. ಊಟಕ್ಕೆ ಕೂತಾಗ ಎರಡೂ ಸುಳ್ಳೆಂದು ಗೊತ್ತಾಗುತ್ತಿತ್ತು. ಹೀಗಿರುವಾಗ ಶ್ರಾವಣ ಕಳೆದ ಮೇಲೆ ನನ್ನ ಸರದಿ ಬರಲೇ ಇಲ್ಲ. ಬಾರದ ಕಷ್ಟವನ್ನು ಏಕೆ ಬರಲಿಲ್ಲವೆಂದು ಯಾರು ಹುಡುಕಿಕೊಂಡು ಹೋಗುತ್ತಾರೆ? ನಾನಂತೂ ಹೋಗಲಿಲ್ಲ.

ಆದರೆ ಶಾರದೆ ಒಗ್ಗರಣೆಯ ವಾಸನೆಗೆ ಹಿತ್ತಿಲಿಗೆ ಓಡತೊಡಗಿದಳು. ಹಾಡುಹಗಲೇ ಚಾಪೆ ಹಾಸಿ ಮಲಗುತ್ತಿದ್ದಳು. ಒಮ್ಮೆ ಕದ್ದು ಕೆಮ್ಮಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನೂ ಕಂಡೆ. ನಾನು ಬಾವಿಯ ನೀರನ್ನು ಬೈದೆ, ಪಿತ್ತವೆಂದು ತೀರ್ಮಾನಿಸಿ ಜೀರಿಗೆ ಕಷಾಯ ಕುಡಿಸಿದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನನ್ನ ಈ ಚಡಪಡಿಕೆಗೆ ಬೇರೆಯೇ ಕಾರಣವಿತ್ತು. ಮದುವೆಯಾಗಿ ಏಳು ವರ್ಷವಾದರೂ ನಮಗೆ ಮಕ್ಕಳಿರಲಿಲ್ಲ. ಪುರವರದಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮ, ದೀಪಾವಳಿಯೊಳಗೆ ಏನೂ ಆಗದಿದ್ದರೆ ಪಾವಗಡದ ಸೋದರಮಾವನ ಮಗಳನ್ನು ನನಗೆ ತಂದುಕೊಳ್ಳುವುದಾಗಿ ಹೇಳಿದ್ದಳು. ಬೇಡ ಎನ್ನಬೇಕಾದ ಬಾಯಿ 'ನೋಡೋಣಮ್ಮ' ಎಂದಿತ್ತು. ಈಗ ಸೊಸೆ ರೋಗಿಷ್ಠೆಯೆಂದೂ ತಿಳಿದರೆ ಮುಗಿಯಿತಲ್ಲ ಎಂದು ನನಗೆ ಹೆದರಿಕೆ.

ಮಹಾನವಮಿ ಮುಗಿದ ಮೇಲೆ ಒಂದು ಬೆಳಿಗ್ಗೆ ಹಾಲಿನ ರಂಗಮ್ಮ ಪಾತ್ರೆಗೆ ಹಾಲು ಸುರಿಯುತ್ತ, ದನಿ ತಗ್ಗಿಸಿ, ನಗುತ್ತ ಕೇಳಿದಳು: "ಏನ್ ಸ್ವಾಮೇರೆ, ಈಚೆಗೆ ನಿಮ್ಮನೆ ತಾವ ಕಾಗೆ ಬಂದಂಗಿಲ್ವಲ್ಲ?"

ಹಿಂದಿನ ದಿನವಷ್ಟೇ ಬಿಸಿಲಿಗೆ ಹಾಕಿದ್ದ ಹಪ್ಪಳವನ್ನು ಕಾಗೆಯೊಂದು ಎತ್ತಿಕೊಂಡು ಹೋಗಿತ್ತು. ನನಗೆ ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಯಾಕೆ ಬಂದಿಲ್ಲ? ನಿನ್ನೆ ತಾನೇ ಬಂದಿತ್ತಲ್ಲ" ಎಂದೆ.

ಅವಳ ಮುಖ ಬಾಡಿತು. ಅಯ್ಯೋ ಪಾಪ ಎಂದು ಇನ್ನಷ್ಟು ಹಾಲು ಹಾಕಿ ಹೋದಳು. ನಮ್ಮ ಹಪ್ಪಳಕ್ಕೆ ಇಷ್ಟು ಮರುಗುವ ಜನವೂ ಇದ್ದಾರಲ್ಲ ಎಂದು ನನ್ನ ಮನಸ್ಸು ತುಂಬಿ ಬಂತು.

ರಂಗಮ್ಮನ ಅಕ್ಕ ಇದ್ದದ್ದು ಪುರವರದಲ್ಲಿ, ನಮ್ಮ ಅಣ್ಣನ ಮನೆಯ ಎದುರಿಗೆ. ಆ ವಾರವೇ ಅಮ್ಮ ಯುದ್ಧಕಾಲದ, ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಮಸಿ ಬಳಿದುಕೊಂಡು ಬಂದಿಳಿದಳು. ಮಾವನ ಮಗಳ ಮಾತೆತ್ತಲೆಂದೇ ಬಂದಿದ್ದಾಳೆಂದು ಅವಳ ಮುಖವೇ ಹೇಳುತ್ತಿತ್ತು. ಅಷ್ಟರಲ್ಲಿ ಒಲೆಯ ಮೇಲೆ ಸಾಸಿವೆ ಚಟಪಟ ಎಂದಿತು. ಶಾರದೆ ಮೂಗಿಗೆ ಸೆರಗು ಒತ್ತಿಕೊಂಡು ಹಿತ್ತಿಲಿಗೆ ಓಡಿದಳು. ಅಮ್ಮ ಅವಳನ್ನು ನೋಡಿದಳು, ಅವಳು ಚೀಪಿ ಕಿಟಕಿಯಲ್ಲಿ ಬಿಟ್ಟಿದ್ದ ಹುಣಸೆಬೀಜಗಳನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ನೀನು ಒಲೆ ಮುಂದೆ ಕೂತು ಎಷ್ಟು ದಿನ ಆಯ್ತಲಾ?"

ಶ್ರಾವಣದಲ್ಲಿ ಕೂತದ್ದೇ ಕೊನೆ, ಈಚೆಗೆ ನನಗೆ ಆ ತೊಂದರೆಯೇ ಇಲ್ಲವೆಂದು ಹೆಮ್ಮೆಯಿಂದ ಹೇಳಿದೆ.

"ಮತ್ತೆ ಕಾಗೆ ಬಂದಿತ್ತು ಅಂತ ರಂಗಮ್ಮನ ತಾವ ಹೇಳ್ದೆಯಂತಲ್ಲ?"

"ಅದು ಹಪ್ಪಳದ ಕಾಗೆ ಕಣಮ್ಮ."

"ಲೇ ದಡ್ಡ, ಅವಳು ಬಸುರಿ ಕಣ್ಲಾ" ಎಂದು ಅಮ್ಮ ಅಲ್ಲೇ ಕುಸಿದು ಕೂತು, ಮಸಿ ಮುಖದಲ್ಲೇ ಅತ್ತಳು. ಪಾವಗಡದ ಹೆಸರು ಅಂದು ಬರಲಿಲ್ಲ, ಮುಂದೆಂದೂ ಬರಲಿಲ್ಲ.

ನನಗೇಕೆ ಹೇಳಲಿಲ್ಲವೆಂದು ಆಮೇಲೆ ಶಾರದೆಯನ್ನು ಕೇಳಿದೆ. "ಹೇಳಿದ ಮೇಲೆ ಇಲ್ಲ ಅಂತಾದರೆ ಅತ್ತೆಯವರ ಮುಖ ಹೇಗೆ ನೋಡಲಿ? ನೀವಂತೂ 'ನೋಡೋಣ' ಅಂದಿದ್ದಿರಿ" ಎಂದಳು. ಆ ಮಾತು ಅವಳ ಕಿವಿಗೂ ಬಿದ್ದಿತ್ತು.

ಅಂದಿನಿಂದ ಒಗ್ಗರಣೆ ನನ್ನ ಪಾಲಿಗೆ ಬಂತು. ತಿಂಗಳಿಗೆ ಮೂರು ದಿನ ತಪ್ಪಿತೆಂದು ಹಿಗ್ಗಿದವನು ದಿನವೂ ಹೊಗೆ ಕುಡಿದೆ. ಅದು ಹೋಗಲಿ. ಹಿತ್ತಿಲ ಗೋಡೆಯ ಮೇಲೆ ಕಾಗೆ ಕೂತರೆ ಸಾಕು, ಸೌಟು ಬಿಸುಟು ಕೋಲು ಹಿಡಿದು ಓಡುತ್ತಿದ್ದೆ. ಅದು ಬರೀ ಮಾತು ಕಣ್ರೀ, ಕಾಗೆ ಏನು ಮಾಡೀತು ಎಂದು ಶಾರದೆ ನಗುತ್ತಿದ್ದಳು. ನನಗೂ ಗೊತ್ತು ಎನ್ನುತ್ತಿದ್ದೆ. ಆದರೆ ಮಗು ಹುಟ್ಟುವವರೆಗೆ ಕೋಲು ಕೆಳಗಿಡಲಿಲ್ಲ.