ಮಾಡೆಲ್ ನಂಬರ್ ಒಂದು

ರಾಯಚೂರಿನ ಆ ಫರ್ನಿಚರ್ ಕಂಪನಿಯ ದಾಖಲೆ ಕೋಣೆಯಲ್ಲಿ ನಲವತ್ತು ವರ್ಷಗಳ ನಕ್ಷೆ, ಕ್ಯಾಟಲಾಗು ಎಲ್ಲ ಇದ್ದವು. ಕಂಪನಿ ಮೊಟ್ಟಮೊದಲು ಮಾಡಿದ ಕಬ್ಬಿಣದ ಪೈಪಿನ ಕುರ್ಚಿಯೊಂದೇ ಇರಲಿಲ್ಲ.

ಮಾಲೀಕ ಮೌನಪ್ಪ ಶುಕ್ರವಾರ ಬೆಳಿಗ್ಗೆಯೇ ಕೋಣೆಯ ಗುಮಾಸ್ತ ಅಮರೇಶನನ್ನು ಕರೆದ. "ಸಂಜಿ ನಾಕಕ್ಕ ಡಿಸೈನ್ ಕಾಲೇಜಿನವರು ನೋಡಾಕ ಬರ್ತಾರ. ಅಷ್ಟರಾಗ ಕುರ್ಚಿ ಇಲ್ಲಿರಬೇಕು. ಇಲ್ಲಂದ್ರ ನಾಳಿಂದ ಮತ್ತ ಗೋದಾಮಿನಾಗ ಪ್ಲೈವುಡ್ ಹೊರು."

ಹಿಂದೆ ಎರಡು ವರ್ಷ ಪ್ಲೈವುಡ್ ಹೊತ್ತು ಸೊಂಟ ಹಾಳು ಮಾಡಿಕೊಂಡಿದ್ದ ಅಮರೇಶ ಕುರ್ಚಿ ಎಲ್ಲಿ ಹೋಯಿತೆಂದು ಕೇಳಲು ಹಳೆಯ ಬಡಗಿ ಖಾಜಾಮಿಯಾನ ಹತ್ತಿರ ಓಡಿದ. ಅವನ ಕಾಲು ಹಿಡಿಯುವುದೊಂದು ಬಾಕಿ.

"ವೆಲ್ಡರ್ ಅಯ್ಯಪ್ಪ ಒಯ್ದಿದ್ದನಲ್ಲೋ! ಅಂವ ತೀರಿಕೊಂಡಾನ. ಹೆಂಡ್ತಿ ಕರೆಮ್ಮ ಬಾಗಲವಾಡದಾಗ ಅದಾಳ, ಹೋಗು," ಎಂದ ಖಾಜಾಮಿಯಾ.

ಕಂಪನಿಯ ಟೆಂಪೊ ಹತ್ತಿ ಅಮರೇಶ ಬಾಗಲವಾಡ ಮುಟ್ಟಿದಾಗ ಕರೆಮ್ಮ ಅದೇ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಕೊಡ್ತೀನಿ ತಮ್ಮಾ, ನಾಳಿ ಬಾ. ಶುಕ್ರವಾರ ಮನಿ ಸಾಮಾನ ಹೊರಗ ಕೊಡಂಗಿಲ್ಲ."

"ಯವ್ವಾ, ನನ್ನ ಸೊಂಟದ ಪ್ರಶ್ನೆ ಅದ!"

ಪಕ್ಕದ ಮನೆಯ ಜಂಬಣ್ಣ ಕೇಳದಿದ್ದರೂ ಬಾಯಿ ಹಾಕಿದ. "ಹೋದ ಶುಕ್ರಾರ ನಮ್ಮಾಕಿ ಯಾರಿಗೋ ಒಂದು ಚಮಚ ಮೊಸರು ಕೊಟ್ಟಳು ನೋಡ್ರಿ. ಎಮ್ಮಿ ಹಾಲು ಕೊಡೋದೇ ಬಿಡ್ತು."

ಅಮರೇಶ ತಲೆ ಕೆರೆದುಕೊಂಡ. "ಹಂಗಾರ ಕೊಡಬ್ಯಾಡ್ರಿ. ನೀವೇ ಕುಂತು ಬರ್ರಿ. ಕುರ್ಚಿ ನಿಮ್ದಾಗೇ ಇರ್ತದ."

ಕರೆಮ್ಮನಿಗೆ ಅದು ಒಪ್ಪಿಗೆಯಾಯಿತು. ಕುರ್ಚಿಯನ್ನು ಟೆಂಪೊದ ಹಿಂದೆ ಹಗ್ಗದಿಂದ ಬಿಗಿದು, ಅವಳನ್ನು ಕೂರಿಸಿ ಹೊರಟರು. ಮಾನ್ವಿ ಬಸ್ ನಿಲ್ದಾಣದ ಹತ್ತಿರ ಯಾವುದೋ ಚುನಾವಣೆಯ ಮೆರವಣಿಗೆಯೆಂದುಕೊಂಡು ನಾಲ್ಕು ಜನ ಕೈ ಮುಗಿದರು. ಕರೆಮ್ಮನೂ ಮುಗಿದಳು.

ನಾಲ್ಕಕ್ಕೆ ಸರಿಯಾಗಿ ದಾಖಲೆ ಕೋಣೆಯಲ್ಲಿ ಅಮರೇಶ ಅತಿಥಿಗಳ ಮುಂದೆ ತಾನು ಬರೆದ ಚೀಟಿ ಓದಿದ. "ಬೆನ್ನು ವಾಲಿಸಿದ ಈ ವಿನ್ಯಾಸ ಆಳವಾದ ಸಂಶೋಧನೆಯ ಫಲ."

"ಎಲ್ಲೀ ಸಂಶೋಧನಿ!" ಕುರ್ಚಿಯಲ್ಲೇ ಇದ್ದ ಕರೆಮ್ಮ ಗದರಿದಳು. "ನಮ್ಮ ಯಜಮಾನ್ರು ಪೈಪ್ ಜಾಸ್ತಿ ಬಗ್ಗಿಸಿಬಿಟ್ಟಿದ್ರು. ಆಗಿನ ದೊಡ್ಡ ಸಾವ್ಕಾರ್ರು ಬೈದು ಮೂಲಿಗೆ ಒಗದ್ರು. ಒಬ್ಬ ಗಿರಾಕಿ ಬಂದು ಅದರಾಗ ಕುಂತಾವ ಏಳವಲ್ಲ! ಆಮ್ಯಾಲ ಎಲ್ಲಾ ಹಂಗೇ ಬಗ್ಗಿಸಿದ್ರು."

ಅತಿಥಿಗಳು ಫೋನು ಹಿಡಿದು ಅವಳ ಸುತ್ತ ನಿಂತರು. ಸೋಫಾ, ಟೀಪಾಯಿ, ಮಡಚುವ ಮೇಜು, ಗಂಡನಿಂದ ಕೇಳಿದ್ದ ಒಂದೊಂದರ ಕತೆಯನ್ನೂ ಅವಳು ಬಿಡಿಸಿ ಹೇಳಿದಳು. ಅಮರೇಶನ ಚೀಟಿಗಳು ಒಂದೊಂದಾಗಿ ಕಸದ ಬುಟ್ಟಿ ಸೇರಿದವು.

ಅವರು ಹೋದಮೇಲೆ ಮೌನಪ್ಪ ಅಮರೇಶನ ಬೆನ್ನು ತಟ್ಟಿದ. "ಶಹಬ್ಬಾಸ್! ಹೇಳಿದ ಮಾತು ಉಳಿಸಿದಿ. ಈ ಕೋಣಿಗೆ ಯವ್ವನಂಥೋರೇ ಬೇಕಿತ್ತು, ನಾಳಿಂದ ಇಲ್ಲಿ ಅವರೇ ಇರ್ತಾರ."

"ಮತ್ತ ನಾನ್ರೀ?"

"ಗೋದಾಮಿನಾಗ ಆಳು ಕಮ್ಮಿ ಅದಾರಲ್ಲೋ."

ತನ್ನ ಜಾಗಕ್ಕೆ ಬರುವವರನ್ನು ತಾನೇ ಹಗ್ಗ ಬಿಗಿದು, ಜೋಪಾನವಾಗಿ ಕರೆತಂದದ್ದು ಅಮರೇಶನಿಗೆ ಆಗ ಹೊಳೆಯಿತು.